ಎವ್ಲಿನ್ ಸಿಸ್ಟರ್ ಅವರ ಹತ್ತೊಂಬತ್ತು ಸಾಮಾನು

ನಮ್ಮೂರಿನಲ್ಲಿ ಕೆಟ್ಟು ನಿಂತ ಮಿಷನ್ನಿನ ಮುಂದೆ “ಇರ್ಲಿ” ಅಂದುಬಿಟ್ಟರೆ ಮುಗಿಯಿತು, ಅದು ಅಲ್ಲೇ ಇರುತ್ತದೆ. ಹತ್ತು ಜನ ಸೇರಿ ಹಗ್ಗ ಹಾಕಿ ಎಳೆದರೂ ಕದಲುವುದಿಲ್ಲ. ಓಡುತ್ತಿರುವ ಮಿಷನ್ನಿಗೆ ಏನೂ ಆಗದು. ಮರದ ಸಾಮಾನಿಗೆ, ಪಾತ್ರೆ ಪಡಗಕ್ಕೆ ಏನೂ ಆಗದು. ಕರೆಂಟಿನಿಂದಲೋ ಸೆಲ್ಲಿನಿಂದಲೋ ಓಡುತ್ತಿದ್ದು ಈಗ ನಿಂತುಹೋದದ್ದು ಮಾತ್ರ ಈ ಮಾತನ್ನು ಕೇಳಿಸಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದ ಮೇಲೆ ಬಾಯಿ ಮುಚ್ಚಿಕೊಂಡಿರಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಕೇಳುವುದಕ್ಕೇನು. ಟಿವಿ ಕೆಟ್ಟಿತು, ಹೆಂಡತಿ “ಏನ್ ಮಾಡೋಣ ಇದನ್ನ?” ಅಂದಳು, ಗಂಡ ಪೇಪರಿನಿಂದ ತಲೆ ಎತ್ತದೆ ಏನು ಹೇಳುತ್ತಾನೆ? ನೀವೇ ಹೇಳಿ.

ಹಾಗಾಗಿ ನಮ್ಮ ಮನೆಗಳೆಲ್ಲ ಇಂಥ ಸಾಮಾನಿನ ಸುತ್ತ ಬೆಳೆದುಕೊಂಡಿವೆ. ಅಂಚೆ ಕಚೇರಿಯ ನಟ್ಟನಡುವೆ ಒಂದು ಪ್ರಿಂಟರು ಕೂತಿದೆ, ಅದನ್ನು ಬಳಸಿಕೊಂಡು ಹೋಗಲು ಕೌಂಟರನ್ನೇ ಸೊಟ್ಟಗೆ ಕಟ್ಟಿದ್ದಾರೆ. ಪೇಟೆ ಬೀದಿಯ ಒಂದು ಮನೆಯಲ್ಲಿ ವಾಷಿಂಗ್ ಮಿಷನ್ನು ಬಚ್ಚಲ ಬಾಗಿಲಿಗೆ ಅಡ್ಡ ನಿಂತು, ಆ ಮನೆಯವರೆಲ್ಲ ಎಂಟು ವರ್ಷದಿಂದ ಅದನ್ನು ಹತ್ತಿ ಇಳಿದು ಸ್ನಾನಕ್ಕೆ ಹೋಗುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಮನೆಯಲ್ಲಿ ಎಷ್ಟು ಸಾಮಾನು ಕೂತಿದೆ ಎಂದು ಕಣ್ಣಲ್ಲೇ ಎಣಿಸುತ್ತಾರೆ. ಕೂತದ್ದರ ಮೇಲೆ ಹೂವಿನ ಕುಂಡ ಇಟ್ಟು, ಬಟ್ಟೆ ಹೊದಿಸಿ, ನಾವು ಹೊಂದಿಕೊಂಡಿದ್ದೆವು. ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರನ್ನು ಮೀರಿಸಿದವರಿಲ್ಲ, ಅದೇ ನಮ್ಮ ರೋಗ.

ನಾನು ರುದ್ರಾಣಿ. ಪುರಸಭೆಯ ಕಸದ ಗಾಡಿ ಓಡಿಸುವವಳು. ಗಾಡಿಯ ನೆತ್ತಿಯ ಮೇಲೆ ಮೈಕಿದೆ, ಹನ್ನೊಂದು ವರ್ಷದಿಂದ ದಿನಾ ಬೆಳಗ್ಗೆ ಅದರಲ್ಲಿ “ಹಸಿ ಕಸ ಬೇರೆ, ಒಣ ಕಸ ಬೇರೆ” ಎಂದು ಕೂಗುತ್ತೇನೆ. ಹೋದ ವರ್ಷ ಪುರಸಭೆಯವರು ಗಾಡಿಗೆ ಮೂರನೆಯ ಡಬ್ಬ ಕಟ್ಟಿ, ಕೆಟ್ಟ ಕರೆಂಟು ಸಾಮಾನು, ಮೊಬೈಲು, ಬ್ಯಾಟರಿ ಎಲ್ಲ ಇದರಲ್ಲಿ ತಗೊಂಡು ಬಾ ಎಂದರು. ಮೊದಲ ತಿಂಗಳು ನನಗೆ ಸಿಕ್ಕಿದ್ದು ಎರಡು ರಿಮೋಟು, ಒಂದು ಟಾರ್ಚು. ಮಿಕ್ಕಿದ್ದೆಲ್ಲ ಮನೆಗಳಲ್ಲಿ ಕೂತಿತ್ತು. ಯಾರೂ “ಇರ್ಲಿ” ಅನ್ನದೆ ಉಳಿದಷ್ಟು ಗುಜರಿ ನಂಜಪ್ಪನ ತಳ್ಳುಗಾಡಿಗೆ ಹೋಗುತ್ತಿತ್ತು. ಅವನು ತಾಮ್ರಕ್ಕಾಗಿ ಅದರ ವೈರುಗಳನ್ನು ಕೆರೆಯ ಹಿಂದೆ ಸುಡುತ್ತಿದ್ದ. ಆ ಹೊಗೆ ಎದ್ದ ದಿನ ಊರೆಲ್ಲ ಕೆಮ್ಮುತ್ತಿತ್ತು, ನಂಜಪ್ಪನೂ ಕೆಮ್ಮುತ್ತಿದ್ದ.

ಇದೆಲ್ಲ ನನಗೆ ಡ್ಯೂಟಿಯ ಮಾತು ಮಾತ್ರ ಆಗಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ. ನನ್ನ ಮಗಳು ಸುಗುಣಳ ಮೊದಲ ಮಗು ಎಂಟು ತಿಂಗಳಿಗೇ ಹುಟ್ಟಿತ್ತು. ಅಂಗೈಯಷ್ಟಿತ್ತು. ಅಂಥ ಮಕ್ಕಳನ್ನು ಬೆಚ್ಚಗಿಡುವ ಮಿಷನ್ನು ನಮ್ಮೂರ ಹೆರಿಗೆ ಆಸ್ಪತ್ರೆಯಲ್ಲಿ ಕೆಟ್ಟು ಕೂತಿತ್ತು. ಆಂಬುಲೆನ್ಸಿನಲ್ಲಿ ದೊಡ್ಡ ಊರಿಗೆ ಹೊರಟೆವು. ಅರ್ಧ ದಾರಿಯಲ್ಲಿ ಮಗು ನನ್ನ ಮಡಿಲಲ್ಲೇ ತಣ್ಣಗಾಯಿತು. ಇದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಆಮೇಲೆ ಬಂದ ಡಾಕ್ಟರ್ ಜಬೀನ ಗಟ್ಟಿಗಿತ್ತಿ. ಎರಡು ವರ್ಷ ಕಾಗದ ಬರೆದು ಬರೆದು ಹೊಸ ಮಿಷನ್ನು ತರಿಸಿದರು. ಮೇಲೆ ಕೆಂಪಗೆ ಕಾಯುವ ದೀಪ, ಕೆಳಗೆ ಪುಟ್ಟ ಹಾಸಿಗೆ. ಆದರೆ ಅದು ನಾಲ್ಕು ತಿಂಗಳಿಂದ ಆಸ್ಪತ್ರೆಯ ಜಗಲಿಯಲ್ಲಿ ಪೆಟ್ಟಿಗೆಯೊಳಗೇ ಇತ್ತು. ಅದನ್ನು ಇಡಬೇಕಾದ್ದು ಹೆರಿಗೆ ಕೋಣೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ. ಆ ಕೋಣೆಯ ತುಂಬ ಎವ್ಲಿನ್ ಸಿಸ್ಟರ್ ಅವರ ಹತ್ತೊಂಬತ್ತು ಸಾಮಾನು ಕೂತಿದ್ದವು: ಕಂಪ್ಯೂಟರು, ಲಸಿಕೆಯ ಫ್ರಿಜ್ಜು, ತೂಕದ ಯಂತ್ರ, ಬ್ಯಾಟರಿ ಸೋರುವ ಯುಪಿಎಸ್ಸು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದೊಂದು ಕೆಟ್ಟಾಗಲೂ ಸಿಸ್ಟರ್ “ಇರ್ಲಿ, ಸರ್ಕಾರದ್ದು, ಯಾರಾದ್ರೂ ಕೇಳಿದ್ರೆ ತೋರಿಸ್ಬೇಕಲ್ಲ” ಅಂದಿದ್ದರು. ಪುರಸಭೆಯವರು ಜೆಸಿಬಿ ತರಿಸಿ ಕಿಟಕಿಯಿಂದ ಎಳೆಸಿದರು. ಕಿಟಕಿ ಕಿತ್ತು ಬಂತು, ಸಾಮಾನು ಬರಲಿಲ್ಲ. ಈಗ ಸುಗುಣಳಿಗೆ ಮತ್ತೆ ಏಳು ತುಂಬಿತ್ತು. ಈ ಸಲವೂ ಬೇಗ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಬೆಳಗ್ಗೆ ಸುಗುಣ ತಪಾಸಣೆಗೆ ಹೊರಟಳು. ನಾನು ಅಡಿಗೆ ಕಟ್ಟೆಯ ಹತ್ತಿರ ನಿಂತಿದ್ದೆ. ಕಟ್ಟೆಯ ಮೇಲೆ ಒಂಬತ್ತು ವರ್ಷದಿಂದ ಕೂತ ನನ್ನದೇ ಮಿಕ್ಸಿ ಇದೆ, ಅದರ ಪಕ್ಕದಲ್ಲೇ ನಾನು ತರಕಾರಿ ಹೆಚ್ಚುವುದು. ಅದರ ಮೇಲೆ ಎಡಗೈ ಊರಿಕೊಂಡು, ಅವಳ ಹೊಟ್ಟೆ ನೋಡುತ್ತಾ, “ಹೋಗಿ ಬಾ ಮಗಳೇ” ಅಂದೆ. ಮಿಕ್ಸಿ ಜಾರಿ ನನ್ನ ಕಾಲಿನ ಮೇಲೆ ಬಿತ್ತು.

ಹೆಬ್ಬೆರಳು ಬದನೆಕಾಯಿಯಷ್ಟು ಊದಿಕೊಂಡಿತು. ಆದರೂ ನಾನು ಕುಣಿದೆ. ಊರಿನವರು ಈ ಸಾಮಾನುಗಳಿಗೆ ಏನೇನೆಲ್ಲ ಹೇಳಿ ನೋಡಿದ್ದರು! ಕೈ ಮುಗಿದು ಬೇಡಿದ್ದರು, ಬೈದಿದ್ದರು, ಒದ್ದಿದ್ದರು. “ಹೋಗು” ಎಂದವರೂ ಇದ್ದರು, ಆದರೆ ನಮ್ಮಲ್ಲಿ “ಹೋಗು” ಅಂತ ಹೊಸಿಲು ದಾಟುವವರಿಗೆ ಯಾರೂ ಅನ್ನುವುದಿಲ್ಲ, ಅದು ಬೀಳ್ಕೊಡುವ ಮಾತೇ ಅಲ್ಲ. ಮನೆಯ ಮಗಳಿಗೆ ಹೇಳುವ ಮಾತನ್ನು ಕೆಟ್ಟ ಮಿಕ್ಸಿಗೆ ಹೇಳಬೇಕೆಂದು ಯಾರಿಗೆ ತಾನೆ ಹೊಳೆದೀತು? ನಾನು ಕುಂಟುತ್ತಾ ಹೋಗಿ ಮೂಲೆಯ ಟೇಪ್ ರೆಕಾರ್ಡರಿಗೂ ಕೈ ಇಟ್ಟು, ಮಗಳನ್ನೇ ನೆನೆದುಕೊಂಡು, ಅದೇ ದನಿಯಲ್ಲಿ ಹೇಳಿದೆ. ಅದೂ ಎದ್ದು ಬಂತು.

ಅವತ್ತು ಮೈಕಿನಲ್ಲಿ ಹಸಿ ಕಸ ಒಣ ಕಸ ಮರೆತೇಬಿಟ್ಟೆ. “ಅಕ್ಕಂದಿರೇ, ಅಣ್ಣಂದಿರೇ, ಯಾರು ‘ಇರ್ಲಿ’ ಅಂದಿದ್ರೋ ಅವರೇ ಕೈ ಇಟ್ಟು ‘ಹೋಗಿ ಬಾ’ ಅನ್ನಿ, ಸಾಮಾನು ನಂಗೆ ಕೊಡಿ!” ಎಂದು ಬೀದಿ ಬೀದಿ ಕೂಗಿದೆ. ಜನ ನಕ್ಕರು, ಆಮೇಲೆ ಬಾಗಿಲು ಹಾಕಿಕೊಂಡು ಪ್ರಯತ್ನ ಮಾಡಿದರು. ನಾಲ್ಕು ಮನೆಯಲ್ಲಿ ಸಾಮಾನು ಕದಲಿತು, ನಲವತ್ತು ಮನೆಯಲ್ಲಿ ಕದಲಲಿಲ್ಲ. ಪಕ್ಕದ ಮನೆಯ ಶಾಂತಪ್ಪ ತನ್ನ ಡಬ್ಬಾ ಟಿವಿಯ ಮುಂದೆ ನಿಂತು ಹಲ್ಲು ಕಡಿಯುತ್ತಾ ಇಪ್ಪತ್ತು ಸಲ “ಹೋಗಿ ಬಾ” ಅಂದ. ಟಿವಿ ಮಿಸುಕಲಿಲ್ಲ. ಅವನು ಹೊರಗೆ ಬಂದು, ಬೆಳಗ್ಗೆ ಬೆಳಗ್ಗೆ ಊರಿಗೆಲ್ಲ ಟೋಪಿ ಹಾಕಿದಳು ಎಂದು ನನಗೇ ಕೇಳಿಸುವಂತೆ ಹೇಳಿದ.

ನನಗೆ ಬೇಕಾಗಿದ್ದು ಶಾಂತಪ್ಪನ ಟಿವಿ ಅಲ್ಲ. ಗಾಡಿ ತಿರುಗಿಸಿ ಎವ್ಲಿನ್ ಸಿಸ್ಟರ್ ಮನೆಗೆ ಹೋದೆ. ಅವರು ರಿಟೈರಾಗಿ ಎರಡು ವರ್ಷ ಆಗಿತ್ತು, ಬೆಂಡೆಗಿಡಕ್ಕೆ ನೀರು ಹಾಕುತ್ತಿದ್ದರು. ನಮ್ಮೂರ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು, ಸುಗುಣ ಕೂಡ. ಬೇರೆ ನರ್ಸುಗಳು ನೋವು ತಿನ್ನುವವಳಿಗೆ “ಆಯ್ತಮ್ಮ, ಇನ್ನೈದು ನಿಮಿಷ” ಅನ್ನುತ್ತಾರೆ. ಸಿಸ್ಟರ್ ನನಗೆ ಹೇಳಿದ್ದು, “ಇನ್ನೂ ಮೂರು ಗಂಟೆ ಇದೆ, ಕಿರುಚಿ ಸುಸ್ತಾಗ್ಬೇಡ.” ಮೂರು ಗಂಟೆಯೇ ಆಯಿತು. ಬೇರೆ ಆಸ್ಪತ್ರೆಗಳಲ್ಲಿ ಬಿಡುಗಡೆಯಾದವರಿಗೆ “ಹೋಗಿ ಬನ್ನಿ” ಅನ್ನುವುದಿಲ್ಲ, ಯಾರಿಗೆ ಬೇಕು ಮತ್ತೆ ಬರುವುದು? ಹೆರಿಗೆ ಆಸ್ಪತ್ರೆಯಲ್ಲಿ ಮಾತ್ರ ಅನ್ನಬಹುದು. ಸಿಸ್ಟರ್ ಒಬ್ಬೊಬ್ಬ ಬಾಣಂತಿಯನ್ನೂ ಮೆಟ್ಟಿಲ ತನಕ ಕಳಿಸಿ “ಹೋಗಿ ಬಾ” ಅನ್ನುತ್ತಿದ್ದರು. ಈ ಮಾತು ಅವರಿಗಿಂತ ಚೆನ್ನಾಗಿ ಯಾರ ಬಾಯಲ್ಲಿ ಬಂದೀತು ಎಂದು ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಸಿಸ್ಟರ್ ಚೊಂಬು ಕೆಳಗಿಟ್ಟರು. “ಎಲ್ಲಿಗೆ ಹೋಗುತ್ತೆ ಅದು?”

“ನನ್ನ ಗಾಡಿಗೆ ಸಿಸ್ಟರ್.”

“ಗಾಡಿಯಿಂದ?”

“ಲಾರಿ ಬರುತ್ತೆ. ದೊಡ್ಡ ಊರ ಹತ್ರ ಒಂದು ಶೆಡ್ ಇದೆಯಂತೆ, ಅಲ್ಲಿ ಬಿಚ್ತಾರಂತೆ.”

“ಅಂತೆ, ಅಂತೆ. ನೀನು ನೋಡಿದ್ದೀಯಾ?”

ನಾನು ನೋಡಿರಲಿಲ್ಲ.

“ನಂಜಪ್ಪನೂ ಬಿಚ್ತಾನೆ. ಸುಟ್ಟು ಬೂದಿ ಕೆರೆಗೆ ಹಾಕ್ತಾನೆ. ಬರಲ್ಲ ಅಂತ ಗೊತ್ತಿದ್ದೂ ‘ಬಾ’ ಅಂತ ನಾನು ಹೆಂಗೆ ಹೇಳ್ಲಿ ರುದ್ರಾಣಿ? ನನ್ನ ಬಾಯಲ್ಲಿ ಬಂದ್ರೂ ಅದು ಕೇಳಲ್ಲ.”

ಶಾಂತಪ್ಪನ ಟಿವಿ ಯಾಕೆ ಕದಲಲಿಲ್ಲ ಎಂದು ಆಗ ನನ್ನ ಮಂಡೆಗೆ ಹೋಯಿತು. ಅವನ ಬಾಯಿ “ಹೋಗಿ ಬಾ” ಎನ್ನುತ್ತಿತ್ತು, ಮನಸ್ಸು “ತೊಲಗು” ಎನ್ನುತ್ತಿತ್ತು. ನನ್ನ ಮಿಕ್ಸಿಗೆ ಸಿಕ್ಕಿದ್ದು ಮಗಳಿಗೆ ಹೇಳಿದ ‘ಬಾ’. ಮನೆಯಿಂದ ಒಮ್ಮೆ ಹೊರಗೆ ಹೋದರೆ ಸಾಕು, ಎಲ್ಲಾದರೂ ಹಾಳಾಗಲಿ ಎಂದುಕೊಂಡವರ ಸಾಮಾನು ಒಂದೂ ಎದ್ದಿರಲಿಲ್ಲ.

“ಹತ್ತಿ ಸಿಸ್ಟರ್ ಗಾಡಿ,” ಅಂದೆ. “ಈಗ್ಲೇ ಹೋಗಿ ನೋಡೋಣ.”

“ಕಸದ ಗಾಡೀಲಾ?”

“ಮುಂದೆ ಕೂತ್ಕೊಳಿ, ಹಿಂದೆ ಅಲ್ಲ.”

ಮೂವತ್ತು ಮೈಲಿ. ದಾರಿಯುದ್ದಕ್ಕೂ ನನ್ನ ಡ್ರೈವಿಂಗನ್ನು ಬೈಯುತ್ತಾ, ಸೀರೆಯ ಸೆರಗನ್ನು ಮೂಗಿಗೆ ಹಿಡಿದುಕೊಂಡು, ಸಿಸ್ಟರ್ ಬಂದರು. ಶೆಡ್ಡಿನ ಮೇಲ್ವಿಚಾರಕಿ ಅನಸೂಯ ಎಂಬ ಹೆಂಗಸು, ನನ್ನ ವಯಸ್ಸಿನವಳೇ. ಕೈಗೆ ದಪ್ಪ ಗವಸು, ಮೂಗಿಗೆ ಬಟ್ಟೆ. ಒಳಗೆ ಉದ್ದ ಮೇಜಿನ ಎರಡೂ ಕಡೆ ಹೆಂಗಸರು ಕೂತು ಅವರೆಕಾಯಿ ಸುಲಿಯುವವರ ಹಾಗೆ ಮಾತಾಡುತ್ತಾ ಕಂಪ್ಯೂಟರು ಬಿಚ್ಚುತ್ತಿದ್ದರು. ತಾಮ್ರ ಒಂದು ಕಡೆ, ಅಲ್ಯೂಮಿನಿಯಮ್ಮು ಒಂದು ಕಡೆ, ಗಾಜು, ಪ್ಲಾಸ್ಟಿಕ್ಕು, ಸರ್ಕ್ಯೂಟಿನ ಹಸಿರು ಹಲಗೆಗಳು. ಎಲ್ಲೂ ಬೆಂಕಿಯಿಲ್ಲ, ಹೊಗೆಯಿಲ್ಲ. ಸಿಸ್ಟರ್ ವಾರ್ಡು ತಪಾಸಣೆಗೆ ಬಂದವರಂತೆ ಒಂದೊಂದು ಮೇಜಿನ ಕೆಳಗೂ ಬಗ್ಗಿ ನೋಡಿದರು. ಬ್ಯಾಟರಿ ಆಸಿಡ್ಡು ಎಲ್ಲಿಗೆ ಬಿಡುತ್ತೀರಿ, ಫ್ರಿಜ್ಜಿನ ಗ್ಯಾಸು ಏನು ಮಾಡುತ್ತೀರಿ, ಈ ಹೆಂಗಸರು ಊಟಕ್ಕೆ ಮುಂಚೆ ಕೈ ತೊಳೆಯುವುದೆಲ್ಲಿ ಎಂದು ಕೇಳಿದರು. ಅನಸೂಯ ಎಲ್ಲ ತೋರಿಸಿದಳು. ಕೊನೆಗೆ ಒಂದು ಸುತ್ತು ಹೊಸ ತಾಮ್ರದ ತಂತಿ ತಂದು ಸಿಸ್ಟರ್ ಕೈಗಿಟ್ಟಳು.

“ಇಲ್ಲಿಂದ ಹೋಗಿದ್ದು ಕರಗಿ ಹಿಂಗೆ ಬರುತ್ತೆ. ಮೋಟ್ರಿಗೆ ಸುತ್ತೋಕೆ ನಾವೇ ಒಂದಿಷ್ಟು ವಾಪಸ್ ತರಿಸ್ಕೊಂಡಿದ್ದೀವಿ.”

“ಎಲ್ಲಾನೂ ಬರುತ್ತಾ?”

ಹೂಂ ಅನ್ನು ತಾಯಿ ಎಂದು ನಾನು ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡೆ. ಅನಸೂಯ ಅಡ್ಡಡ್ಡ ತಲೆಯಾಡಿಸಿದಳು.

“ಇಲ್ಲ ಸಿಸ್ಟರ್. ಕೆಲವು ಚೂರು ನಮ್ಮ ಕೈಲಿ ಆಗಲ್ಲ. ಅದನ್ನ ಬೇರೆ ಕಡೆ ಹುಷಾರಾಗಿ ಕಟ್ಟಿಡ್ತಾರೆ. ಉಳಿದಿದ್ದು ಬರುತ್ತೆ.”

ನನ್ನ ಕತೆ ಮುಗಿಯಿತು ಎಂದುಕೊಂಡೆ. ಆದರೆ ಸಿಸ್ಟರ್ ಮುಖ ಸಡಿಲವಾಯಿತು. “ಎಲ್ಲಾ ಬರುತ್ತೆ ಅಂದಿದ್ರೆ ನಾನು ನಂಬ್ತಿರಲಿಲ್ಲ,” ಎಂದರು. “ನಾಳೆ ಲಾರಿ ಕಳಿಸಮ್ಮ. ನೀನೂ ಬಾ.”

ಮರುದಿನ ಒಂಬತ್ತಕ್ಕೆಲ್ಲ ಆಸ್ಪತ್ರೆಯ ಮುಂದೆ ಜನ ಸೇರಿದ್ದರು. ಮೈಕು ಇರುವ ಹೆಂಗಸು ಗುಟ್ಟು ಇಟ್ಟುಕೊಳ್ಳುವುದು ಹೇಗೆ? ಸಿಸ್ಟರ್ ಕೋಣೆಯೊಳಗೆ ಹೋಗಿ ಮೊದಲು ತೂಕದ ಯಂತ್ರದ ಮೇಲೆ ಕೈ ಇಟ್ಟರು. “ಎಷ್ಟು ಮಕ್ಕಳನ್ನ ತೂಗಿದ್ಯೋ. ಹೋಗಿ ಬಾ.” ಅದು ಎದ್ದು ಬಂತು. ಕಂಪ್ಯೂಟರಿಗೆ, “ನೀನು ಒಂದಿನಾನೂ ಸರಿಯಾಗಿ ಕೆಲಸ ಮಾಡ್ಲಿಲ್ಲ, ಆದ್ರೂ ಹೋಗಿ ಬಾ.” ಅದೂ ಬಂತು. ಹೊರಗಿದ್ದವರು ಒಂದೊಂದಕ್ಕೂ ಚಪ್ಪಾಳೆ ಹೊಡೆದು ಎಣಿಸುತ್ತಿದ್ದರು. ಹೊರಗೆ ಹೊತ್ತು ತರುತ್ತಿದ್ದವನು ಗುಜರಿ ನಂಜಪ್ಪ. ಅನಸೂಯ ಬಂದಿಳಿದವಳೇ ಅವನ ಕೆಮ್ಮು ಕೇಳಿ, ಒಂದು ಜೊತೆ ಗವಸು ಕೊಟ್ಟು, “ಬಿಚ್ಚೋಕೆ ಬರೋ ಕೈ ನಮಗೂ ಬೇಕಣ್ಣ, ಸುಡೋದು ಬಿಟ್ಟು ಬಾ” ಅಂದಿದ್ದಳು. ಅವನು ಗವಸು ಹಾಕಿಕೊಂಡು ಮದುಮಗನ ಠೀವಿಯಲ್ಲಿ ಓಡಾಡುತ್ತಿದ್ದ.

ಹತ್ತನೆಯ ಸಾಮಾನು ಬರುವ ಹೊತ್ತಿಗೆ ಜನ ಕರಗತೊಡಗಿದರು. ನನಗೆ ಬೇಜಾರಾಯಿತು. ಆದರೆ ಅವರು ಹೋದದ್ದು ಮನೆಗೆ, ತಮ್ಮ ತಮ್ಮ ಸಾಮಾನಿನ ಹತ್ತಿರಕ್ಕೆ. ಅರ್ಧ ಗಂಟೆಯಲ್ಲಿ ಬೀದಿಯ ತುಂಬ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಹೊತ್ತವರು. ಎಂಟು ವರ್ಷ ವಾಷಿಂಗ್ ಮಿಷನ್ನು ಹತ್ತಿ ಇಳಿದವರು ಅದನ್ನು ನಾಲ್ಕು ಜನ ಹೊತ್ತು ತಂದರು. ಶಾಂತಪ್ಪ ಟಿವಿಯನ್ನು ಎದೆಗೆ ಅವುಚಿಕೊಂಡು ಬಂದ, ಕಣ್ಣು ಒದ್ದೆಯಾಗಿತ್ತು. “ನಾನು, ನಮ್ಮಪ್ಪ ಒಟ್ಟಿಗೆ ಕೂತು ಕ್ರಿಕೆಟ್ ನೋಡಿದ್ದು ಇದ್ರಲ್ಲೇ ರುದ್ರಾಣಕ್ಕ. ಹಂಗಂತ ನೆನಪಾಯ್ತು ನೋಡು, ಎದ್ದು ಬಂತು,” ಎಂದ. ಲಾರಿ ತುಂಬಿ ನನ್ನ ಗಾಡಿಯೂ ತುಂಬಿತು.

ಅದೇ ಹೊತ್ತಿಗೆ ಸುಗುಣ ಬೀದಿಯ ಕೊನೆಯಿಂದ ಗೋಡೆ ಹಿಡಿದುಕೊಂಡು ನಡೆದು ಬರುವುದು ಕಂಡಿತು. ಎಂಟು ಹಿಡಿದು ಇನ್ನೂ ಮೂರು ದಿನ.

“ಅವ್ವಾ, ಶುರುವಾಯ್ತು,” ಅಂದಳು.

ಡಾಕ್ಟರ್ ಜಬೀನ ಅವಳನ್ನು ಹೆರಿಗೆ ಕೋಣೆಗೆ ಕರೆದುಕೊಂಡರು. ಆಂಬುಲೆನ್ಸಿನಲ್ಲಿ ಕಳಿಸುವಷ್ಟು ಹೊತ್ತಿಲ್ಲ, ಇಲ್ಲೇ ಆಗಬೇಕು ಎಂದರು. ಅವರು ಮೊದಲೇ ಕರೆಸಿಟ್ಟಿದ್ದ ಎಲೆಕ್ಟ್ರಿಷಿಯನ್ನು ಜಗಲಿಯ ಪೆಟ್ಟಿಗೆ ಒಡೆದು ಹೊಸ ಮಿಷನ್ನನ್ನು ಬಾಗಿಲ ತನಕ ತಂದು ನಿಲ್ಲಿಸಿದ. ಒಳಗೆ ಹದಿನೆಂಟು ಸಾಮಾನು ಖಾಲಿಯಾಗಿ, ನೆಲ ಸೋಡಾಪುಡಿ ಹಾಕಿ ತೊಳೆದಾಗಿತ್ತು. ಹತ್ತೊಂಬತ್ತನೆಯದು ಮಾತ್ರ ಹೊಸ ಮಿಷನ್ನು ನಿಲ್ಲಬೇಕಾದ ಜಾಗದಲ್ಲೇ, ಕರೆಂಟು ಪ್ಲಗ್ಗಿಗೆ ಅಡ್ಡವಾಗಿ, ಹಾಗೇ ಕೂತಿತ್ತು. ಹಳೆಯ ಗಾಜಿನ ಪೆಟ್ಟಿಗೆ. ಹಿಂದೆ ಮಕ್ಕಳನ್ನು ಬೆಚ್ಚಗಿಡುತ್ತಿದ್ದದ್ದು ಅದೇ. ಸಿಸ್ಟರ್ ಅದರ ಮೇಲೆ ಕೈ ಇಟ್ಟು “ಹೋಗಿ ಬಾ” ಅಂದರು. ಕದಲಲಿಲ್ಲ. ಮತ್ತೆ ಅಂದರು. ಇಲ್ಲ. ನಂಜಪ್ಪ ಭುಜ ಕೊಟ್ಟು ನೂಕಿದ. ಇಲ್ಲ.

“ಸಿಸ್ಟರ್, ಏನಾಯ್ತು?” ಎಂದೆ.

ಸಿಸ್ಟರ್ ನೆಲದ ಮೇಲೆ ಕೂತುಬಿಟ್ಟರು. “ಇದ್ರಲ್ಲಿ ನೂರಾ ಅರವತ್ತೆರಡು ಮಕ್ಕಳು ಉಳ್ಕೊಂಡ್ರು ರುದ್ರಾಣಿ. ಇದು ಕೆಟ್ಟಾಗ ಇರ್ಲಿ, ರಿಪೇರಿ ಮಾಡಿಸೋಣ ಅಂದೆ. ಮಾಡಿಸ್ಲಿಲ್ಲ. ಪಟ್ಟೀಲಿ ಒಂದು ಇದೆ ಅಂತ ಮೇಲಿನವರು ಹೊಸದು ಕೊಡ್ಲಿಲ್ಲ. ನಾನು ಅವತ್ತೇ ಇದನ್ನ ಕಳಿಸಿದ್ರೆ ಸುಗುಣನ ಮಗು...” ಈಗ ಕಳಿಸಿದರೆ ಅವತ್ತೇ ಕಳಿಸಬೇಕಿತ್ತು ಎಂದು ತಪ್ಪೊಪ್ಪಿಕೊಂಡ ಹಾಗೆ, ಅದಕ್ಕೇ ಅವರ ‘ಹೋಗಿ ಬಾ’ ಮನಸ್ಸಿನಿಂದ ಬರುತ್ತಿರಲಿಲ್ಲ.

ನನಗೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಆ ಕ್ಷಣ ಅವರ ಮೇಲೆ ಭಾರೀ ಸಿಟ್ಟು ಬಂತು, ನನ್ನ ಮಡಿಲಿನ ತಣ್ಣನೆ ಭಾರ ನೆನಪಾಯಿತು. ಏನು ಹೇಳಿಬಿಡುತ್ತಿದ್ದೆನೋ. ಅಷ್ಟರಲ್ಲಿ ತೆರೆದ ಬಾಗಿಲ ಆಚೆಯಿಂದ, ಹಾಸಿಗೆಯ ಕಂಬಿ ಹಿಡಿದುಕೊಂಡೇ ಸುಗುಣ ಕೂಗಿದಳು.

“ಸಿಸ್ಟರ್! ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಅವತ್ತು ನೀವೂ ಅತ್ತಿದ್ದು ನಾನು ನೋಡಿದ್ದೀನಿ. ಈ ಮಗೂಗೆ ಜಾಗ ಬಿಡಿಸ್ಕೊಡಿ, ಬೇಗ!”

ಸಿಸ್ಟರ್ ಎದ್ದರು. ಸೆರಗಿನಿಂದ ಮೂಗು ಒರೆಸಿಕೊಂಡು, ಗಾಜಿನ ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟು, ಬಾಣಂತಿಯ ಹತ್ತಿರ ಮಾತಾಡುವ ಮೆತ್ತನೆಯ ದನಿಯಲ್ಲಿ ಹೇಳಿದರು. “ನೀನು ನಿನ್ನ ಕೆಲಸ ಮಾಡ್ದೆ, ನಾನೇ ಹಿಡ್ಕೊಂಡು ಕೂತೆ. ಚಮಚ ಆಗಿ ಬಂದ್ರೂ ಸರಿ, ತಂತಿ ಆಗಿ ಬಂದ್ರೂ ಸರಿ. ಹೋಗಿ ಬಾ ನನ್ನಪ್ಪ.”

ನಂಜಪ್ಪ ನೂಕಲು ಮತ್ತೆ ಭುಜ ಕೊಟ್ಟಿದ್ದ. ಪೆಟ್ಟಿಗೆ ಒಂದೇ ಸಲಕ್ಕೆ ಜಾರಿ, ಅವನು ಅದರ ಜೊತೆಗೇ ಬಾಗಿಲ ತನಕ ಓಡಿದ. ಹೊಸ ಮಿಷನ್ನು ಒಳಗೆ ಹೋಯಿತು. ಎಲೆಕ್ಟ್ರಿಷಿಯನ್ನು ಪ್ಲಗ್ಗು ಹಾಕಿದ. ಕೆಂಪು ಬೆಳಕು ಹೊತ್ತಿಕೊಂಡಿತು. “ನೀವು ನನ್ನ ಜೊತೆ ಇರಿ ಸಿಸ್ಟರ್,” ಎಂದು ಡಾಕ್ಟರ್ ಜಬೀನ ಕರೆದರು. ಬಾಗಿಲು ಮುಚ್ಚಿತು.

ನನಗೆ ಒಳಗೆ ಇರಲು ಧೈರ್ಯವಾಗಲಿಲ್ಲ. ಹೋಗಿ ನನ್ನ ಗಾಡಿಯಲ್ಲಿ ಕೂತು ಸ್ಟೇರಿಂಗು ಹಿಡಿದುಕೊಂಡೆ. ಲಾರಿ ತುಂಬಿದ್ದರೂ ಹೊರಟಿರಲಿಲ್ಲ. ಬೀದಿಯಲ್ಲಿ ನೂರಾರು ಜನ, ಒಬ್ಬರೂ ಮನೆಗೆ ಹೋಗಲಿಲ್ಲ. ಶಾಂತಪ್ಪ ನನಗೆ ಚಹಾ ತಂದುಕೊಟ್ಟ, ಅದು ಕೈಯಲ್ಲೇ ಆರಿತು. ಒಳಗಿನಿಂದ ಒಂದು ಸಣ್ಣ ಕೂಗು ಕೇಳಿಸಿತು, ಆಮೇಲೆ ಏನೂ ಇಲ್ಲ. ಹೋದ ಸಲವೂ ಕೂಗು ಕೇಳಿಸಿತ್ತು. ಹಾಗಾಗಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುಕ್ಕಾಲು ಗಂಟೆ ನಾನು ಬಾಗಿಲನ್ನೇ ನೋಡುತ್ತಾ ಕೂತೆ.

ಬಾಗಿಲು ತೆರೆದು ಎವ್ಲಿನ್ ಸಿಸ್ಟರ್ ಮೆಟ್ಟಿಲ ಮೇಲೆ ಬಂದು ನಿಂತರು. ಅವರು ಜನರನ್ನು ನೋಡಲಿಲ್ಲ, ನನ್ನನ್ನು ನೋಡಿ ಹೇಳಿದರು.

“ಹೆಣ್ಣು. ಒಂದೂಮುಕ್ಕಾಲು ಕೇಜಿ. ಮೈ ಬೆಚ್ಚಗಿದೆ. ಬದುಕ್ತಾಳೆ.”

ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನನ್ನ ಹಣೆ ಹಾರನ್ನಿನ ಮೇಲೆ ಕೂತು ಅದು ಒಂದೇ ಸಮ ಹೊಡೆದುಕೊಳ್ಳತೊಡಗಿತು, ಊರೆಲ್ಲ ಕೇಳಿಸಿತು, ಯಾರೂ ನಿಲ್ಲಿಸು ಅನ್ನಲಿಲ್ಲ.